ಎದುರಾಳಿಯ ಸಾಕ್ಷ್ಯ: ಅಜ್ಜಮಾಡ ದೇವಯ್ಯನವರ ಸ್ಮರಣೆಯ ಚರಿತ್ರೆ

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ವಾಯುನೆಲೆಯಿಂದ ಬಾಂಬುದಾಳಿಗೆಂದು ಹಾರಿದ ಭಾರತೀಯ ವಾಯುಪಡೆಯ ವಿಮಾನಗಳಲ್ಲಿ ಒಂದು ಮರಳಿ ಬರಲಿಲ್ಲ. ಅದನ್ನು ನಡೆಸುತ್ತಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಆಗ ಅವರಿಗೆ 32 ವರ್ಷ. ವಾಯುಪಡೆಯ ಲೆಕ್ಕದಲ್ಲಿ ಅವರು ‘ಕಾಣೆಯಾದವರು’ ಎಂದು ಸೇರಿಕೊಂಡರು. 1988ರಲ್ಲಿ, ಎಂದರೆ 23 ವರ್ಷಗಳ ತರುವಾಯ, ಅದೇ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಈ ಎರಡು ದಾಖಲೆಗಳ ನಡುವಿನ ಅವಧಿಯಲ್ಲಿ ದೇವಯ್ಯನವರು ಮಾಡಿದ ಕಾರ್ಯದಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಒಂದೇ, ಆ ಕಾರ್ಯಕ್ಕೆ ಒಂದು ಸಾಕ್ಷಿ ಒದಗಿತು. ಆ ಸಾಕ್ಷಿ ಬಂದದ್ದು ಅವರ ಪಡೆಯಿಂದಲ್ಲ, ಊರಿನಿಂದಲೂ ಅಲ್ಲ. ಅವರು ಯಾರೊಡನೆ ಹೋರಾಡಿ ಮಡಿದರೋ ಆ ಎದುರಾಳಿಯ ಕಡೆಯಿಂದ.

ದೇವಯ್ಯನವರ ಶೌರ್ಯವನ್ನು ಕುರಿತು ಈಗಾಗಲೇ ಸಾಕಷ್ಟು ಬರೆಯಲಾಗಿದೆ. ಪ್ರಸ್ತುತ ಲೇಖನದ ಆಸಕ್ತಿ ಅವರ ಸ್ಮರಣೆ ರೂಪುಗೊಂಡ ಬಗೆಯಲ್ಲಿದೆ. ಶತ್ರುನೆಲದಲ್ಲಿ ಒಂಟಿಯಾಗಿ ಮಡಿದವನನ್ನು ಒಂದು ಸಮಾಜ ಹೇಗೆ ನೆನೆಯಬಲ್ಲದು? ಎದುರಾಳಿ ಬರೆದಿಟ್ಟದ್ದನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು, ಹೇಗೆ ಓದಬೇಕು? ಈ ಪ್ರಶ್ನೆಗಳು ಯುದ್ಧದ ಚರಿತ್ರೆಗೆ ಮಾತ್ರ ಸೇರಿದವಲ್ಲ. ತಮ್ಮ ಗತಕಾಲದ ಬಹುಪಾಲನ್ನು ಇನ್ನೊಬ್ಬರ ಭಾಷೆಯ ಕಡತಗಳಲ್ಲಿ ಹುಡುಕಬೇಕಾಗಿರುವ ಗಡಿನಾಡಿನ ಓದುಗರಿಗೆ ಅವು ತೀರ ಪರಿಚಿತವಾದವು.

ಆ ಬೆಳಗಿನ ಹಾರಾಟ

1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೇನೆ ಛಂಬ್ ವಲಯದಲ್ಲಿ ಮುನ್ನುಗ್ಗಿತು. 6ರಂದು ಭಾರತದ ಸೇನೆ ಲಾಹೋರಿನ ದಿಕ್ಕಿನಲ್ಲಿ ಅಂತರರಾಷ್ಟ್ರೀಯ ಗಡಿಯನ್ನು ದಾಟಿತು. ಅದೇ ಸಂಜೆ ಪಾಕಿಸ್ತಾನದ ವಾಯುಪಡೆ ಪಠಾಣಕೋಟ್ ಮೊದಲಾದ ನೆಲೆಗಳ ಮೇಲೆ ಎರಗಿತು. ಪಠಾಣಕೋಟಿನಲ್ಲಿ ನೆಲದ ಮೇಲೆ ನಿಂತಿದ್ದ ವಿಮಾನಗಳು ಸುಟ್ಟುಹೋದವು. ಇದಕ್ಕೆ ಉತ್ತರವಾಗಿ ಮರುದಿನ ಬೆಳಗಾಗುವ ಮುನ್ನವೇ ಸರ್ಗೋಧಾದ ಮೇಲೆ ದಾಳಿ ನಡೆಸಲು ಭಾರತ ನಿರ್ಧರಿಸಿತು. ಸರ್ಗೋಧಾ ಪಾಕಿಸ್ತಾನದ ವಾಯುಬಲದ ಮುಖ್ಯ ನೆಲೆ. ಅತ್ಯಂತ ಬಿಗಿಯಾಗಿ ಕಾಯ್ದುಕೊಂಡದ್ದು. ಆದಂಪುರದಿಂದ ಅದರ ನೇರ ಅಂತರ ಸುಮಾರು 300 ಕಿಲೋಮೀಟರ್.

ಈ ಹೊಣೆ ಬಿದ್ದದ್ದು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅವರ ನೇತೃತ್ವದ 1ನೆಯ ಸ್ಕ್ವಾಡ್ರನ್ನಿಗೆ. ಅದರ ಬಳಿಯಿದ್ದವು ಫ್ರಾನ್ಸಿನ ದಾಸೋ ಕಂಪನಿ ತಯಾರಿಸಿದ ಮಿಸ್ಟೇರ್ ವಿಮಾನಗಳು. ಭಾರತ ಅವನ್ನು 1957ರಿಂದ ಬಳಕೆಗೆ ತಂದಿತ್ತು. ಅವು ಹೋರಾಟಕ್ಕೂ ಬಾಂಬುದಾಳಿಗೂ ಒದಗುವ, ಒಬ್ಬನೇ ಕೂರುವ ವಿಮಾನಗಳು. ನೆಲದ ಗುರಿಗಳನ್ನು ಹೊಡೆಯುವುದಕ್ಕೆ ಅವು ತಕ್ಕವು. ವೇಗದಲ್ಲಿ ಮಾತ್ರ ಆ ಹೊತ್ತಿಗೆ ಹಿಂದೆ ಬಿದ್ದಿದ್ದವು. ಎದುರಿಗಿದ್ದದ್ದು ಅಮೆರಿಕ ಕೊಟ್ಟಿದ್ದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಸಾಗಬಲ್ಲದ್ದು.

ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಹುಟ್ಟಿದವರು. 1954ರಲ್ಲಿ ವಾಯುಪಡೆಯನ್ನು ಸೇರಿದರು. ಯುದ್ಧದ ಹೊತ್ತಿಗೆ ಅವರು ಅನುಭವಿ ತರಬೇತುದಾರರಾಗಿದ್ದು, ಯುದ್ಧಕಾಲಕ್ಕೆಂದು ಈ ಸ್ಕ್ವಾಡ್ರನ್ನಿಗೆ ಬಂದಿದ್ದರು. ಅಂದಿನ ದಾಳಿಗೆ ಗೊತ್ತುಮಾಡಿದ್ದ ಹನ್ನೆರಡು ವಿಮಾನಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗ ತುಂಬಲು ಬದಲಿಯಾಗಿ ಸಿದ್ಧವಿದ್ದವರಲ್ಲಿ ಅವರೂ ಒಬ್ಬರು. ಅಂತಹ ಸಂದರ್ಭ ಬಂದೇ ಬಂದಿತು, ಅವರು ಹಾರಿದರು.

ಇನ್ನೂ ಕತ್ತಲು. ರೇಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ತೀರ ಹತ್ತಿರದಲ್ಲಿ ಸಾಗಬೇಕು. ಕೆಳಮಟ್ಟದ ಹಾರಾಟದಲ್ಲಿ ಇಂಧನ ಬೇಗ ಖರ್ಚಾಗುವುದರಿಂದ ಗುರಿಯ ಮೇಲೆ ತಂಗಲು ಸಮಯವಿಲ್ಲ, ಮರಳುವಾಗ ಆಕಾಶದಲ್ಲಿ ಕಾದಾಡಲು ಅವಕಾಶವಿಲ್ಲ. ಹೊಡೆದು ಹಿಂತಿರುಗುವುದು, ಇಷ್ಟೇ ಯೋಜನೆ. ದಾಳಿಯಿಂದ ಮರಳುತ್ತಿದ್ದ ಮಿಸ್ಟೇರ್‌ಗಳನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಅಟ್ಟಿಸಿಕೊಂಡು ಬಂದಿತು. ಮುಂದೆ ನಡೆದದ್ದನ್ನು ಭಾರತದ ಕಡೆಯವರಾರೂ ಕಾಣಲಿಲ್ಲ. ತನೇಜಾ ಮತ್ತು ಅವರ ಸಂಗಡಿಗರು ಆದಂಪುರಕ್ಕೆ ಬಂದಿಳಿದಾಗ ದೇವಯ್ಯನವರೊಬ್ಬರು ಅವರೊಡನೆ ಇರಲಿಲ್ಲ.

ಏಳು ಜನರ ವಿಮಾನ, ಒಬ್ಬನ ವಿಮಾನ

ಆಕಾಶದಲ್ಲಿ ಸಾಯುವವನ ಮರಣಕ್ಕೆ ಸಾಕ್ಷಿ ದುರ್ಲಭ. ಎರಡನೆಯ ಮಹಾಯುದ್ಧ ಇದನ್ನು ಅಪಾರ ಪ್ರಮಾಣದಲ್ಲಿ ತೋರಿಸಿತ್ತು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ ಮಡಿದವರು 55,573. ರಾತ್ರಿಯ ಹೊತ್ತು ಹೋದ ವಿಮಾನ ಬೆಳಗಿಗೆ ಬರಲಿಲ್ಲವೆಂದರೆ ನೆಲೆಯ ಹಲಗೆಯ ಮೇಲೆ ಅದರ ಮುಂದಿನ ಮನೆ ಖಾಲಿ ಉಳಿಯುತ್ತಿತ್ತು. ಅದು ಸಮುದ್ರಕ್ಕೆ ಬಿತ್ತೇ, ನೆಲಕ್ಕೆ ಬಿತ್ತೇ, ಒಳಗಿದ್ದವರು ಸೆರೆಯಾದರೇ ಎಂಬುದು ಅನೇಕ ವೇಳೆ ಯಾರಿಗೂ ತಿಳಿಯುತ್ತಿರಲಿಲ್ಲ. ಲಂಡನ್ನಿಗೆ ಸಮೀಪದ ರನ್ನಿಮೀಡ್‌ನಲ್ಲಿ 1953ರಲ್ಲಿ ತೆರೆದ ಸ್ಮಾರಕದ ಗೋಡೆಗಳಲ್ಲಿ 20,000ಕ್ಕೂ ಮೀರಿ ಹೆಸರುಗಳಿವೆ. ಅವೆಲ್ಲವೂ ಗೋರಿ ಎಲ್ಲಿದೆಯೆಂದು ಗೊತ್ತಿಲ್ಲದ ವಿಮಾನಯೋಧರವು. ದೇಹ ಸಿಗದವನಿಗೆ ಕೊನೆಗೆ ಉಳಿಯುವುದು ಕಲ್ಲಿನ ಮೇಲಿನ ಹೆಸರು ಮಾತ್ರ ಎಂಬ ಒಪ್ಪಂದಕ್ಕೆ ಆಧುನಿಕ ಯುದ್ಧ ಬಂದು ನಿಂತದ್ದನ್ನು ಆ ಗೋಡೆಗಳು ಸೂಚಿಸುತ್ತವೆ.

ಹಾಗಿದ್ದರೂ ಅಂದಿನ ಭಾರಿ ಬಾಂಬರ್ ವಿಮಾನದಲ್ಲಿ ಒಂದು ಅನುಕೂಲವಿತ್ತು. ಲ್ಯಾಂಕಾಸ್ಟರ್‌ನಲ್ಲಿ ಏಳು ಜನ ಇರುತ್ತಿದ್ದರು. ಅವರಲ್ಲಿ ಒಬ್ಬ ಧುಮುಕಿ ಬದುಕಿದರೂ ಉಳಿದ ಆರು ಮಂದಿಯ ಕೊನೆಯ ಗಳಿಗೆಯ ಸುದ್ದಿ ಎಂದಾದರೊಂದು ದಿನ ಮನೆಗಳಿಗೆ ಮುಟ್ಟಬಹುದಾಗಿತ್ತು. ಸಿಬ್ಬಂದಿಯೆಂದರೆ ಪರಸ್ಪರರ ಸಾಕ್ಷಿಗಳ ಗುಂಪು. ದೇವಯ್ಯನವರ ಮಿಸ್ಟೇರ್‌ನಲ್ಲಿ ಇದ್ದದ್ದು ಒಂದೇ ಆಸನ. ಬಾಂಬು ಹಾಕುವವನು, ದಾರಿ ನೋಡುವವನು, ತೋಪು ಹಾರಿಸುವವನು, ಎಲ್ಲವೂ ಒಬ್ಬನೇ. ಅವನು ಹಿಂತಿರುಗದಿದ್ದರೆ ಆ ಕಥೆಯನ್ನು ಹೇಳುವ ಬಾಯಿಯೇ ಇಲ್ಲವಾಗುತ್ತದೆ.

ಅದೇ ಯುದ್ಧದ, ಅದೇ ಕೊಡಗಿನ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನ ಮೊದಲು, ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನ ನೆಲದಿಂದ ಬಂದ ಗುಂಡಿಗೆ ಸಿಕ್ಕಿ ಉರುಳಿತು. ಅವರು ಧುಮುಕಿ ಬದುಕಿದರು, ಸೆರೆಯಾದರು. ಅವರು ಜನರಲ್ ಕೆ. ಎಂ. ಕಾರ್ಯಪ್ಪನವರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಸುದ್ದಿ ಕೂಡಲೇ ರೇಡಿಯೋ ಪಾಕಿಸ್ತಾನದಲ್ಲಿ ಬಿತ್ತರವಾಯಿತು. ಮಗನಿಗೆ ವಿಶೇಷ ರಿಯಾಯಿತಿ ಬೇಡ, ಸೆರೆಯಲ್ಲಿರುವ ಎಲ್ಲ ಭಾರತೀಯರನ್ನೂ ಸಮನಾಗಿ ನೋಡಿಕೊಳ್ಳಿ ಎಂದು ತಂದೆ ತಿಳಿಸಿದ ಸಂಗತಿ ಇಂದಿಗೂ ಮನೆಮಾತು. ಎರಡು ವಾರಗಳ ಅಂತರದಲ್ಲಿ, ಒಂದೇ ಸಣ್ಣ ಸೀಮೆಯ ಇಬ್ಬರು ಒಂದೇ ಗಡಿಯ ಆಚೆ ಬಿದ್ದರು. ಒಬ್ಬರ ಸುದ್ದಿ ಅಲ್ಲಿಂದ ತಾನಾಗಿ ಬಂದಿತು. ಇನ್ನೊಬ್ಬರದು ಬರಲು ಎರಡು ದಶಕಗಳು ಹಿಡಿದವು. ಬದುಕಿದವನು ತನ್ನ ಸಾಕ್ಷಿ ತಾನೇ ಆಗುತ್ತಾನೆ. ಸತ್ತವನಿಗೆ ಇನ್ನೊಬ್ಬರು ಬೇಕು.

ಎರಡು ಗುಂಡಿನ ಸದ್ದು

ಕೊಡವರಲ್ಲಿ ಸಾವನ್ನು ಊರಿಗೆ ಸಾರುವ ಕ್ರಮವೊಂದಿದೆ: ಒಂದರ ಬೆನ್ನಿಗೆ ಒಂದರಂತೆ ಎರಡು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿದವರು ಕೆಲಸ ಬಿಟ್ಟು ಸಾವಿನ ಮನೆಯತ್ತ ನಡೆಯುತ್ತಾರೆ. ತೀರಿಕೊಂಡವರ ಬಾಳನ್ನು ಹಾಡಿ ಹೇಳುವ ಪದ್ಧತಿಯೂ ಅಲ್ಲಿನ ಮೌಖಿಕ ಪರಂಪರೆಯಲ್ಲಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಈ ಪರಂಪರೆಯ ಹಾಡು, ಗಾದೆ, ಕಟ್ಟುಕಟ್ಟಳೆಗಳ ದೊಡ್ಡ ಭಂಡಾರ. ಒಕ್ಕದ ಹಿರಿಯರನ್ನು ‘ಕಾರೊಣ’ರೆಂದು ನೆನೆದು ಐನ್‌ಮನೆಯ ಬಳಿಯ ಕೈಮಡದಲ್ಲಿ ಎಡೆಯಿಡುವುದು ಇಂದಿಗೂ ನಡೆದಿದೆ. ಕೊಡವರ ಹೆಸರಿನಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ: ಅಜ್ಜಮಾಡ, ಆಮೇಲೆ ತಂದೆ, ಆಮೇಲೆ ತಾನು. ಹೆಸರೇ ಸತ್ತವರೊಡನೆ ಬದುಕಿರುವವರನ್ನು ಕಟ್ಟಿದ ದಾರ.

ಇಂತಹ ಸಂಸ್ಕೃತಿಯಲ್ಲಿ ‘ಕಾಣೆಯಾದವರು’ ಎಂಬ ಪದ ಎಷ್ಟು ಭಾರವಾದದ್ದೆಂದು ಊಹಿಸಬಹುದು. ಗುಂಡು ಹಾರಿಸಬೇಕೆಂದರೆ ಸಾವು ಖಚಿತವಾಗಬೇಕು. ವಿಧಿಗಳಿಗೆ ದೇಹ ಬೇಕು, ದಿನ ಬೇಕು. ಬಾಳನ್ನು ಹಾಡುವುದಕ್ಕೆ ಅದರ ಕೊನೆ ತಿಳಿದಿರಬೇಕು. ‘ಕಾಣೆ’ ಎಂಬ ಶಬ್ದ ಇವೆಲ್ಲವನ್ನೂ ಬಾಗಿಲ ಹೊರಗೆ ನಿಲ್ಲಿಸಿಬಿಡುತ್ತದೆ. ಈ ಸಂಕಟ ಒಂದು ಮನೆಗೆ, ಒಂದು ಯುದ್ಧಕ್ಕೆ ಮುಗಿಯಲಿಲ್ಲ. 1971ರ ಯುದ್ಧದ ಬಳಿಕ ಹಿಂತಿರುಗದ, ಸತ್ತರೆಂದೂ ಖಚಿತವಾಗದ 54 ಭಾರತೀಯ ಯೋಧರ ಪಟ್ಟಿಯನ್ನು ಹಿಡಿದು ಅವರ ಮನೆಯವರು ದಶಕಗಳ ಕಾಲ ಅಲೆದರು.

ಗಡಿಯಾಚೆಯ ಪುಸ್ತಕ

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧವನ್ನು ಕುರಿತ ‘ಬ್ಯಾಟಲ್ ಫಾರ್ ಪಾಕಿಸ್ತಾನ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಪಾಕಿಸ್ತಾನದ ವಾಯುಪಡೆಯ ಸಹಕಾರ ಪಡೆದು ಬರೆದ ಕೃತಿಯದು. ಅದರ ಒಲವು ಯಾವ ಕಡೆಗೆ ಎಂಬುದರಲ್ಲಿ ಸಂದೇಹವಿಲ್ಲ. ಆ ಪುಸ್ತಕದಲ್ಲಿಯೇ ಭಾರತಕ್ಕೆ ತಿಳಿಯದಿದ್ದ ಸಂಗತಿ ಇತ್ತು. ಸೆಪ್ಟೆಂಬರ್ 7ರ ಬೆಳಿಗ್ಗೆ ಮರಳುತ್ತಿದ್ದ ಒಂದು ಮಿಸ್ಟೇರ್‌ಗೂ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್‌ಗೂ ಕಾಳಗ ನಡೆಯಿತು. ಪಾಕಿಸ್ತಾನ ಅಂದು ತನ್ನ ಸ್ಟಾರ್‌ಫೈಟರ್ ಒಂದನ್ನು ಕಳೆದುಕೊಂಡಿತು.

ಈಗ ಒಟ್ಟುಗೂಡಿರುವ ಕಥನದ ಸಾರ ಇಷ್ಟು. ಅಮ್ಜದ್ ಮಿಸ್ಟೇರ್ ಮೇಲೆ ಗುಂಡು ಹಾರಿಸಿದರು, ಗುಂಡು ತಗಲಿತು; ಅದರ ಕಥೆ ಮುಗಿಯಿತೆಂದು ಭಾವಿಸಿದರು. ಮಿಸ್ಟೇರ್ ಮುಗಿದಿರಲಿಲ್ಲ. ಪೆಟ್ಟು ತಿಂದ ಆ ವಿಮಾನ ತಿರುಗಿ ನಿಂತಿತು. ನೇರ ಓಟದಲ್ಲಿ ಸ್ಟಾರ್‌ಫೈಟರ್‌ಗೆ ಸಾಟಿಯಿಲ್ಲ. ಆದರೆ ಅದರ ರೆಕ್ಕೆಗಳು ತೀರ ಕಿರಿದಾದ್ದರಿಂದ ಕಡಿಮೆ ವೇಗದಲ್ಲಿ ಬಿಗಿಯಾಗಿ ತಿರುಗಲಾರದು. ನಿಧಾನದ ಮಿಸ್ಟೇರ್‌ಗೆ ಆ ತಿರುವೇ ಬಲ. ದೇವಯ್ಯನವರ ತೋಪಿನ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗಲಿದವು. ಅಮ್ಜದ್ ಧುಮುಕಿ ಬದುಕಿಕೊಂಡರು. ದೇವಯ್ಯನವರು ಅಲ್ಲಿಯೇ ಮಡಿದರು.

ಗಮನಿಸಬೇಕಾದದ್ದು, ಫ್ರಿಕರ್ ಅವರ ಕಥನ ಆ ಮಿಸ್ಟೇರ್‌ನ ಚಾಲಕ ಯಾರೆಂಬುದನ್ನು ಹೇಳಲಿಲ್ಲ. ಹೆಸರನ್ನು ತುಂಬಬಲ್ಲವರು ಈಚೆಗಿದ್ದರು. ಆ ದಾಳಿಯ ನಾಯಕ ತನೇಜಾ ಅವರಿಗೆ ಒಂದು ಸಂಗತಿ ಖಚಿತವಾಗಿ ಗೊತ್ತಿತ್ತು: ಅಂದು ಬೆಳಿಗ್ಗೆ ತಮ್ಮೊಡನೆ ಹಾರಿದವರಲ್ಲಿ ಹಿಂತಿರುಗದವರು ಒಬ್ಬರೇ. ಹಾಗಿರುವಾಗ ಕಾದಾಡಿದ ಆ ಮಿಸ್ಟೇರ್ ಬೇರೆ ಯಾರದಾಗಿರಲು ಸಾಧ್ಯ? ಪುಸ್ತಕ ಅವರ ಗಮನಕ್ಕೆ ಬಂದ ಮೇಲೆ ಅವರು ವಾಯುಪಡೆಯ ಮುಖ್ಯ ಕಚೇರಿಗೆ ಬರೆದರು. ಪರಿಶೀಲನೆ ನಡೆಯಿತು. 1988ರಲ್ಲಿ ದೇವಯ್ಯನವರ ಪತ್ನಿ ಮಹಾವೀರ ಚಕ್ರವನ್ನು ಸ್ವೀಕರಿಸಿದರು. ಒಂದು ಕಡೆ ಘಟನೆ ಇತ್ತು, ಹೆಸರಿರಲಿಲ್ಲ. ಇನ್ನೊಂದು ಕಡೆ ಹೆಸರಿತ್ತು, ಘಟನೆಯಿರಲಿಲ್ಲ. ಎರಡು ಅರ್ಧಗಳು ಕೂಡಿಕೊಳ್ಳುವುದಕ್ಕೆ 23 ವರ್ಷ ಹಿಡಿಯಿತು.

ನಂತರದ ದಿನಗಳಲ್ಲಿ ಎರಡೂ ಕಡೆಯ ಸಂಶೋಧಕರು ಈ ಕಥನವನ್ನು ಇನ್ನಷ್ಟು ತುಂಬಿದ್ದಾರೆ. ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 2005ರಲ್ಲಿ ಪ್ರಕಟಿಸಿದ 1965ರ ವಾಯುಯುದ್ಧದ ಚರಿತ್ರೆ ಉಭಯ ದೇಶಗಳ ಮೂಲಗಳನ್ನು ಎದುರುಬದುರಾಗಿ ಇಟ್ಟು ನೋಡುತ್ತದೆ. ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿ, ಇತಿಹಾಸಕಾರ ಕೈಸರ್ ತುಫೈಲ್ ಆ ಕಾಳಗವನ್ನು ಕುರಿತು ಗೌರವದಿಂದ ಬರೆದಿದ್ದಾರೆ. ದೇವಯ್ಯನವರ ದೇಹವನ್ನು ಅಲ್ಲಿನ ಹಳ್ಳಿಗರು ಕಂಡು, ಆ ಬಯಲಿನಲ್ಲಿಯೇ ಮಣ್ಣುಮಾಡಿದರೆಂಬ ವಿವರ ನಮಗೆ ದೊರೆಯುವುದು ಅವರ ಬರಹದಿಂದ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1971ರ ಡಿಸೆಂಬರಿನಲ್ಲಿ ಅಮೃತಸರದ ರೇಡಾರ್ ಕೇಂದ್ರದ ಮೇಲೆ ದಾಳಿಗೆ ಬಂದ ಒಂದು ಸ್ಟಾರ್‌ಫೈಟರ್ ನೆಲದ ಗುಂಡಿಗೆ ಉರುಳಿತು. ಅದರ ಚಾಲಕ ಧುಮುಕಿ ಭಾರತದ ಸೆರೆಯಾದರು. ಅವರು ಇದೇ ಅಮ್ಜದ್ ಹುಸೇನ್. ದೇವಯ್ಯನವರು ಹೇಗೆ ಮಡಿದರೆಂದು ಕಣ್ಣಾರೆ ಬಲ್ಲ ಮನುಷ್ಯ ಭಾರತದ ನೆಲದಲ್ಲಿಯೇ ಸೆರೆಯಾಳಾಗಿದ್ದು, ಆಮೇಲೆ ಬಿಡುಗಡೆಯಾಗಿ ತನ್ನ ದೇಶಕ್ಕೆ ಮರಳಿದರು. ದೇವಯ್ಯನವರ ಕಡತ ಮಾತ್ರ ಇದ್ದಂತೆಯೇ ಇತ್ತು. ಸಾಕ್ಷಿ ಹತ್ತಿರದಲ್ಲಿದ್ದರೆ ಸಾಲದು. ಅವನನ್ನು ಕೇಳಬೇಕಾದ ಪ್ರಶ್ನೆ ಏನೆಂಬುದು ಕೇಳುವವನಿಗೆ ಮೊದಲು ತಿಳಿದಿರಬೇಕು.

ಆತಕೂರಿನ ಪಾಠ

ಎದುರಾಳಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಈ ಪ್ರಶ್ನೆಗೆ ಕನ್ನಡದ ಶಾಸನ ಸಂಪತ್ತಿನಲ್ಲಿಯೇ ಒಂದು ನಿದರ್ಶನವಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ರ ಶಿಲಾಶಾಸನ ನಮಗೆ ಸಾಮಾನ್ಯವಾಗಿ ನೆನಪಿರುವುದು ‘ಕಾಳಿ’ ಎಂಬ ನಾಯಿಯ ಕಾರಣಕ್ಕೆ. ಗಂಗರ ಬೂತುಗನ ಸೇವಕ ಮಣಲೆರನ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು; ಅದರ ನೆನಪಿಗೆ ಕಲ್ಲು ನಿಂತಿತು, ಭೂದಾನವೂ ಸಂದಿತು. ಹಂದಿಯನ್ನು ಎದುರಿಸಿ ಸತ್ತ ನಾಯಿಗೂ ಕಲ್ಲು ನಿಲ್ಲಿಸಿದ ನಾಡಿದು. ಅಲ್ಲಿ ಕಂಡವರಿದ್ದರು, ಕೃತಜ್ಞನಾದ ಒಡೆಯನಿದ್ದ ಎಂಬುದೇ ಅದಕ್ಕೆ ಕಾರಣ.

ಅದೇ ಶಾಸನದಲ್ಲಿ ಇನ್ನೊಂದು ಸಾವು ದಾಖಲಾಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಬೂತುಗ ಕೊಂದ ಪ್ರಸಂಗ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನವನ್ನು ಸಂಪಾದಿಸಿದ ಫ್ಲೀಟ್ ಒಂದು ಪದವನ್ನು ‘ಕಳ್ಳ’ ಎಂದು ಓದಿಕೊಂಡು, ಬೂತುಗ ಮೋಸದಿಂದ ಕೊಂದನೆಂಬ ಅರ್ಥವನ್ನು ಹೊರಡಿಸಿದರು. ಆ ಬಳಿಕ ಪಾಠ ತಿದ್ದುಪಡಿಯಾಯಿತು. ಅಲ್ಲಿದ್ದದ್ದು ‘ಕಳ’, ಎಂದರೆ ರಣರಂಗ. ‘ಬಿಸುಗೆ’ ಎಂದರೆ ಆನೆಯ ಮೇಲಿನ ಅಂಬಾರಿ. ಅಂಬಾರಿಯನ್ನೇ ರಣರಂಗವಾಗಿಸಿ ಇರಿದನೆಂಬುದು ತಾತ್ಪರ್ಯ. ಒಂದು ಅಕ್ಷರದ ಓದಿನಿಂದ ವಂಚಕನೊಬ್ಬ ವೀರನಾದ. ಜೊತೆಗೆ ಸತ್ತವನೂ ಮೋಸಕ್ಕೆ ಸಿಕ್ಕವನಾಗಿ ಉಳಿಯದೆ ಎದುರಿಗೆ ನಿಂತು ಕಾದಿ ಮಡಿದವನಾದ.

ಈಗ ತಮಿಳಿನ ಕಡೆ ನೋಡೋಣ. ಚೋಳ ಶಾಸನಗಳು ರಾಜಾದಿತ್ಯನನ್ನು ‘ಆನೆಯ ಮೇಲೆ ಮಲಗಿದ ದೇವ’ ಎಂಬರ್ಥದ ಬಿರುದಿನಿಂದ ನೆನೆಯುತ್ತವೆ. ಸೋತವರು ತಮ್ಮ ರಾಜಕುಮಾರನ ಸಾವನ್ನು ಹಾಗೆ ಮೃದುವಾಗಿ ಹೇಳಿಕೊಂಡರು. ಗೆದ್ದವರು ಅದನ್ನು ತಮ್ಮ ಪರಾಕ್ರಮವೆಂದು ಕೆತ್ತಿಸಿದರು. ಎರಡರ ಭಾವವೂ ಬೇರೆ, ಉದ್ದೇಶವೂ ಬೇರೆ. ಆದರೆ ಒಂದು ಸಂಗತಿಯಲ್ಲಿ ಎರಡೂ ಕೂಡುತ್ತವೆ: ರಾಜಾದಿತ್ಯ ಸತ್ತದ್ದು ಆನೆಯ ಬೆನ್ನ ಮೇಲೆ, ಯುದ್ಧದ ನಡುವೆ. ಫ್ಲೀಟ್ ಅವರ ಪಾಠಕ್ಕಿಂತ ತಿದ್ದಿದ ಪಾಠ ಈ ತಮಿಳು ನೆನಪಿಗೆ ಹೆಚ್ಚು ಹೊಂದುತ್ತದೆ ಎಂಬುದು ಗಮನಾರ್ಹ. ಒಂದು ಭಾಷೆಯ ದಾಖಲೆಯನ್ನು ಸರಿಯಾಗಿ ಓದಲು ಇನ್ನೊಂದು ಭಾಷೆಯ ದಾಖಲೆ ನೆರವಾಗುವುದು ಹೀಗೆ.

ದೇವಯ್ಯನವರ ಪ್ರಕರಣವನ್ನೂ ಇದೇ ಕ್ರಮದಲ್ಲಿ ಓದಬೇಕು. ಪಾಕಿಸ್ತಾನದ ಕಡೆ ಸ್ಟಾರ್‌ಫೈಟರ್ ಬಿದ್ದದ್ದಕ್ಕೆ ಬೇರೊಂದು ವಿವರಣೆಯೂ ಚಾಲ್ತಿಯಲ್ಲಿತ್ತು: ಸಿಡಿದ ಶತ್ರುವಿಮಾನದ ಚೂರುಗಳು ತಗಲಿ ಅದು ಉರುಳಿತು ಎಂದು. ಅಂತಹ ವಿವರಣೆ ತನ್ನ ಪಡೆಯ ಮಾನಕ್ಕೆ ಅನುಕೂಲವಾದದ್ದು. ಹಳೆಯ, ನಿಧಾನದ ವಿಮಾನವೊಂದು ತನ್ನ ಅತ್ಯಾಧುನಿಕ ವಿಮಾನವನ್ನು ಉರುಳಿಸಿತು ಎಂಬ ಹೇಳಿಕೆ ಅದಕ್ಕೆ ಪ್ರತಿಕೂಲವಾದದ್ದು. ಹೇಳುವವನ ಹಿತಕ್ಕೆ ವಿರುದ್ಧವಾಗಿ ನಿಲ್ಲುವ ಮಾತಿಗೆ ಇತಿಹಾಸಕಾರ ಹೆಚ್ಚು ತೂಕ ಕೊಡುತ್ತಾನೆ. ಹೊಗಳಿಕೆಗಾಗಿ ಸುಳ್ಳು ಹೇಳುವವರು ಬಹಳ, ತಮ್ಮ ಸೋಲನ್ನು ಕಲ್ಪಿಸಿಕೊಳ್ಳುವವರು ವಿರಳ. ಇದು ಮೊದಲನೆಯ ಒರೆಗಲ್ಲು. ಕಾಲ ಮತ್ತು ಸ್ಥಳ ಎರಡೂ ಕಡೆಯ ದಾಖಲೆಗಳಲ್ಲಿ ಹೊಂದುತ್ತವೆಯೇ ಎಂಬುದು ಎರಡನೆಯದು. ಲೆಕ್ಕ ಸರಿಹೋಗುತ್ತದೆಯೇ, ಎಂದರೆ ಅಲ್ಲಿ ಬಿದ್ದ ಮಿಸ್ಟೇರ್ ಒಂದು, ಇಲ್ಲಿ ಬಾರದ ಮಿಸ್ಟೇರ್ ಒಂದು ಎಂಬ ಸರಳ ಗಣಿತ, ಮೂರನೆಯದು. ದೇವಯ್ಯನವರ ಸಂಗತಿ ಮೂರರಲ್ಲಿಯೂ ನಿಲ್ಲುತ್ತದೆ. ಆದ್ದರಿಂದ ಅದು ದೇಶಾಭಿಮಾನದ ಕಥೆಯಾಗಿ ಮಾತ್ರ ಉಳಿಯದೆ ಚರಿತ್ರೆಯೂ ಆಗಿದೆ.

ವೃತ್ತ, ಪ್ರತಿಮೆ, ಚಲನಚಿತ್ರ

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಪ್ರತಿವರ್ಷ ಸೆಪ್ಟೆಂಬರ್ 7ರಂದು ಮಾಲೆ ಬೀಳುತ್ತದೆ. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರ ಈ ಘಟನೆಯನ್ನು ಆಧರಿಸಿದೆ. ಅದರಿಂದ ದೇಶದ ಮೂಲೆಮೂಲೆಗೆ ಕಥೆ ತಲುಪಿತು; ಆದರೆ ಪಾತ್ರದ ಹೆಸರು ಬೇರೆ. ಕಾದಂಬರಿಗೂ ಸಿನಿಮಾಕ್ಕೂ ಅಂತಹ ಸ್ವಾತಂತ್ರ್ಯ ಇರುವುದೇ. ಆದರೂ ಈ ಪ್ರಕರಣದಲ್ಲಿ ಅದು ಮನಸ್ಸನ್ನು ಚುಚ್ಚದೆ ಇರದು. ಘಟನೆಯಿದ್ದು ಹೆಸರಿಲ್ಲದ ಸ್ಥಿತಿಯಿಂದ ಹೊರಬರಲು ಎರಡು ದಶಕ ಬೇಕಾಗಿದ್ದ ಮನುಷ್ಯನ ಕಥೆ, ಬೆಳ್ಳಿತೆರೆಯ ಮೇಲೆ ಮತ್ತೆ ಘಟನೆಯನ್ನಷ್ಟೇ ಉಳಿಸಿಕೊಂಡು ಹೆಸರನ್ನು ಬಿಟ್ಟುಕೊಟ್ಟಿತು. 2011ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಬರೆಸಿದವರು 1,13,857 ಮಂದಿ. ಇಷ್ಟು ಚಿಕ್ಕ ಭಾಷಾಸಮುದಾಯಕ್ಕೆ ‘ಅಜ್ಜಮಾಡ’ ಎಂಬ ಒಂದು ಒಕ್ಕದ ಹೆಸರು ಉಳಿಯುವುದೂ ಉಳಿಯದಿರುವುದೂ ಸಣ್ಣ ಸಂಗತಿಯಲ್ಲ. ಅದು ಹೋದರೆ ಮನುಷ್ಯ ಎಲ್ಲಿಯವನೆಂಬ ಗುರುತೇ ಹೋಯಿತು.

ಸ್ಮರಣೆ ಎಂದರೆ ಹೆಮ್ಮೆ ಪಡುವುದು ಎಂದಷ್ಟೇ ತಿಳಿದವರಿಗೆ ಎದುರಾಳಿಯ ಸಾಕ್ಷ್ಯ ಮುಜುಗರವೆನಿಸಬಹುದು. ಭೀಮಾತೀರದ ನಾವು ಹಾಗೆ ತಿಳಿಯಬೇಕಾದ ಕಾರಣವಿಲ್ಲ. ಭೀಮಾ ಮತ್ತು ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಕ್ರಿ.ಶ. 1018ರ ಮರಾಠಿ ಶಾಸನವಿದೆ; ಸುತ್ತಲಿನ ಹಳ್ಳಿಗಳ ಮನೆಮಾತು ಇಂದಿಗೂ ಬಹುಮಟ್ಟಿಗೆ ಕನ್ನಡ. ಸೊನ್ನಲಿಗೆಯ ಸಿದ್ಧರಾಮ ಕನ್ನಡದಲ್ಲಿ ವಚನ ನುಡಿದರು. ಅವರ ಜಾತ್ರೆಯ ವಿವರಗಳನ್ನು ತಿಳಿಯಬೇಕೆಂದರೆ ಮರಾಠಿಯ ಕಡತಗಳನ್ನೂ ತೆರೆಯಬೇಕು. 1930ರ ಸೋಲಾಪುರದ ಚಳವಳಿಗಾಗಿ 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರ ಪ್ರತಿಮೆಗಳ ಮುಂದೆ ನಾವು ದಿನವೂ ಹಾಯುತ್ತೇವೆ. ಅವರ ವಿಚಾರಣೆ, ಶಿಕ್ಷೆಗಳ ಅಧಿಕೃತ ದಾಖಲೆಯನ್ನು ಬರೆದಿಟ್ಟದ್ದು ಅವರನ್ನು ಗಲ್ಲಿಗೆ ಹಾಕಿದ ಸರಕಾರವೇ. ಜನರ ಬಾಯಿಯ ನೆನಪು ಒಂದು ಕಡೆ, ಎದುರಾಳಿಯ ಕಡತ ಇನ್ನೊಂದು ಕಡೆ. ಎರಡನ್ನೂ ಒರೆಗೆ ಹಚ್ಚಿಯೇ ನಮ್ಮ ಚರಿತ್ರೆ ಬರೆಯಬೇಕಾಗಿದೆ.

ಸಣ್ಣ ಭಾಷೆಗಳ, ಗಡಿಯಂಚಿನ ಸಮುದಾಯಗಳ ಚರಿತ್ರೆ ತನ್ನವರ ಮಾತನ್ನಷ್ಟೇ ನೆಚ್ಚಿಕೊಂಡು ಬೆಳೆಯಲಾರದು. ಆಚೆಯವರು ಬರೆದದ್ದನ್ನು ಅವರ ಭಾಷೆಯಲ್ಲಿಯೇ ಓದುವ ಶಕ್ತಿ, ಅದರ ಒಲವನ್ನು ಅರಿಯುವ ಎಚ್ಚರ, ಅದರಲ್ಲಿರುವ ನಿಜವನ್ನು ಒಪ್ಪುವ ಔದಾರ್ಯ, ಇವು ಮೂರೂ ಬೇಕು. ತನೇಜಾ ಅವರು ಫ್ರಿಕರ್ ಅವರ ಪುಸ್ತಕವನ್ನು ಶತ್ರುಪಕ್ಷದ ಪ್ರಚಾರವೆಂದು ಬದಿಗೆ ಸರಿಸಿದ್ದರೆ ದೇವಯ್ಯನವರು ಇಂದಿಗೂ ‘ಕಾಣೆಯಾದವರು’ ಆಗಿಯೇ ಉಳಿಯುತ್ತಿದ್ದರು. ಪಾಕಿಸ್ತಾನದ ಪಂಜಾಬಿನ ಒಂದು ಬಯಲಿನಲ್ಲಿ, ಅವರ ಹೆಸರು ಗೊತ್ತಿಲ್ಲದ ರೈತರು ಅವರನ್ನು ಮಣ್ಣುಮಾಡಿದರು. ಆ ನೆಲ ಇಂದಿಗೂ ಅಲ್ಲಿಯೇ ಇದೆ. ಕೊಡಗಿನ ಐನ್‌ಮನೆಯಿಂದ ಅಲ್ಲಿಗೆ ಎಡೆಯೊಯ್ಯುವ ದಾರಿ ಇನ್ನೂ ತೆರೆದಿಲ್ಲ. ಎರಡೂ ದೇಶಗಳ ಕಡತಗಳು ಪರಸ್ಪರರ ಓದಿಗೆ ತೆರೆದುಕೊಂಡ ದಿನ, ಮರಳದೆ ಹೋದ ಇನ್ನೆಷ್ಟೋ ಜನರ ಹೆಸರಿನ ಮುಂದೆ ಖಾಲಿಯಿರುವ ಜಾಗವೂ ತುಂಬೀತು.